ಅಡುಗೆಮನೆ ಗೋಡೆಯ ದಿವ್ಯವಾಣಿ

ಅಂದು ಬೆಳಿಗ್ಗೆ ದೇವರಿಗೆ ದೀಪ ಹಚ್ಚುವಾಗಲೇ ಸಂಕಲ್ಪ ಮಾಡಿದ್ದೆ. ಇವತ್ತು ಈ ಕಂಪ್ಯೂಟರಿನ ಸೊಕ್ಕು ಮುರಿದು ಮನೆಗೆ ಕೇಬಲ್ ಮರಳಿ ತರದಿದ್ದರೆ ನಾನು ಸುಂದರಾಬಾಯಿಯ ಮಗಳೇ ಅಲ್ಲ!

ಸೊಕ್ಕು ಕಂಪ್ಯೂಟರಿನದೋ ಅದರ ಯಜಮಾನರದೋ ಎಂದು ಮಾತ್ರ ಕೇಳಬೇಡಿ. ನಮ್ಮ ಮನೆಯವರು, ಬಸವಕಿರಣ, ಸಾಫ್ಟ್‌ವೇರಿನವರು. ಹೈದರಾಬಾದಿನ ಮಣಿಕೊಂಡದ ಈ ಫ್ಲ್ಯಾಟಿಗೆ ಬ್ರಾಡ್‌ಬ್ಯಾಂಡ್ ಬಂದ ದಿನವೇ ಟಿವಿಯ ಕೇಬಲ್ ಕೀಳಿಸಿದರು.

"ಇನ್ನ ಮ್ಯಾಲೆ ಮ್ಯಾಚು, ಸಿನಿಮಾ, ನಿನ್ನ ಪ್ರವಚನ, ಎಲ್ಲಾ ಈ ಕಂಪ್ಯೂಟರಿನಾಗ ಬರ್ತಾವ. ಜಗತ್ತು ಎಲ್ಲಿಗೆ ಹೊಂಟೈತಿ, ನೀ ಇನ್ನೂ ಕೇಬಲ್ ಅಂತಿ!"

ಬಂದವು, ಬರದೇ ಏನು! ಬೆಳಗಿನ ಪ್ರವಚನದಲ್ಲಿ ಸ್ವಾಮಿಗಳು ಆಶೀರ್ವಾದಕ್ಕೆ ಕೈ ಎತ್ತುತ್ತಿದ್ದರು. ಎತ್ತಿದ ಕೈ ಎತ್ತಿದಂತೆಯೇ ನಿಂತು, ಎದೆಯ ಮೇಲೆ ಒಂದು ಚಕ್ರ ಗರಗರ ತಿರುಗುತ್ತಿತ್ತು. ನನ್ನ ಉಪ್ಪಿಟ್ಟು ತಳ ಹಿಡಿದರೂ ಆ ಕೈ ಇಳಿಯುತ್ತಿರಲಿಲ್ಲ. ಯಾರ ಹತ್ತಿರವೂ ಕೇಳದೆ ಗುಂಡಿ ಒತ್ತೊತ್ತಿ ಕಂಪ್ಯೂಟರ್ ಕಲಿತವಳು ನಾನು. ಗೊತ್ತಿದ್ದ ಮದ್ದನ್ನೆಲ್ಲ ಮಾಡಿದೆ. ಆರಿಸಿ ಮತ್ತೆ ಹಚ್ಚಿದೆ. ಕೊನೆಗೆ ಕುಂಕುಮವನ್ನೂ ಹಚ್ಚಿದೆ.

ಅಂದು ಸಂಜೆ ಇಂಡಿಯಾ ಮ್ಯಾಚು. ಇವರ ಆಫೀಸಿನ ಮೈಸೂರು ಹುಡುಗ ಸೃಜನ್ ಬಂದು ಕಂಪ್ಯೂಟರಿನ ಮುಂದೆ ಕೂತ. ನಾನು ಮಿರ್ಚಿ ಭಜಿ ಕರಿಯುತ್ತಿದ್ದೆ. ನಮ್ಮ ಅಡುಗೆಮನೆ ಗೋಡೆಯ ಆಚೆ ಪಕ್ಕದ ಮನೆಯ ವಿಶಾಲಾಕ್ಷಿಯವರ ಹಾಲ್. ಅವರಲ್ಲಿ ಕೇಬಲ್ ಟಿವಿ. ಅಲ್ಲಿಂದ "ಔಟ್!" ಎಂಬ ಗೋಳು ಕೇಳಿತು. ಅಯ್ಯೋ ಎಂದು ತಟ್ಟೆ ಹಿಡಿದು ಓಡಿ ಬಂದರೆ, ನಮ್ಮ ಕಂಪ್ಯೂಟರಿನಲ್ಲಿ ಬೌಲರ್ ಇನ್ನೂ ಚೆಂಡನ್ನು ಪ್ಯಾಂಟಿಗೆ ಉಜ್ಜುತ್ತಿದ್ದಾನೆ! ಜಗತ್ತಿಗಿಂತ ಮುಂದೆ ಹೊರಟ ಯಂತ್ರ ಪಕ್ಕದ ಮನೆಗಿಂತ ಹಿಂದೆ!

"ಇವ ಈಗ ಔಟ್ ಆಗ್ತಾನ ನೋಡ್ರಿ," ಎಂದೆ.

ಔಟಾದ.

"ನಿಂದೊಂದು ಬಾಯಿ!" ಎಂದರು ಇವರು.

ಮುಂದಿನ ಭಜಿ ಎಣ್ಣೆಗೆ ಬಿಡುವಾಗ ಗೋಡೆ ಮತ್ತೆ ನುಡಿಯಿತು. "ಸಿಕ್ಸರ್!" ಎಂದು ಅಲ್ಲಿಂದಲೇ ಕೂಗಿದೆ. ಸಿಕ್ಸರ್ ಹೋಯಿತು. ಸೃಜನ್ ಕಚ್ಚಿದ ಭಜಿ ಕೆಳಗಿಟ್ಟು ಎದ್ದು ನಿಂತ.

"ಅತ್ತಿಗೆ, ನೀವು ಮಾಡೋ ಪೂಜೆ ಸುಮ್ನೆ ಅಲ್ಲ ಬಿಡಿ! ನನ್ನ ಅಮೆರಿಕ ವೀಸಾ ಯಾವಾಗ ಆಗುತ್ತೆ, ಅದೊಂದು ಹೇಳಿಬಿಡಿ."

"ಶ್ರಾವಣ ಕಳೀಲಿ," ಎಂದೆ, ಕಣ್ಣು ಅರೆಮುಚ್ಚಿ. ದೇವರು ಕ್ಷಮಿಸಲಿ, ಆ ಗಳಿಗೆಯಲ್ಲಿ ನನಗೇ ನನ್ನ ಮೇಲೆ ಭಕ್ತಿ ಬಂದಿತ್ತು!

ಆಟ ಕೊನೆಯ ಚೆಂಡಿಗೆ ಬಂತು. ಗೆಲ್ಲಲು ಸಿಕ್ಸರೇ ಬೇಕು. ಇದೇ ಸಮಯ ಎಂದುಕೊಂಡೆ.

"ಏನ್ರಿ, ಇದನ್ನೂ ನಾ ಮೊದಲ ಹೇಳಿದ್ರ ನಾಳೆ ಕೇಬಲ್ ಹಾಕಸ್ತೀರೇನು?"

"ಹಾಕಸ್ತೀನಿ. ಸುಳ್ಳಾದ್ರ?"

"ಈ ಮನ್ಯಾಗ ಕೇಬಲ್ ಅನ್ನೋ ಹೆಸರ ಎತ್ತೂದಿಲ್ಲ!"

ಗೋಡೆಗೆ ಕಿವಿ ಹಚ್ಚಿದೆ. ಆಚೆ ಮೌನ. ಆಮೇಲೆ ಸಿಳ್ಳೆ! ಚಪ್ಪಾಳೆ! ತಟ್ಟೆ ಬಡಿಯುವ ಸದ್ದು!

"ಸಿಕ್ಸರ್! ಗೆದ್ವಿ!" ಎಂದು ಭಜಿ ತೆಗೆಯುವ ಝಾರಾ ಎತ್ತಿ ಹಿಡಿದು, ರಣರಂಗಕ್ಕೆ ಇಳಿದ ದೇವಿಯಂತೆ ಹಾಲ್‌ಗೆ ಹಾರಿದೆ. ಸೃಜನ್ ಕಾಲಿಗೇ ಬಿದ್ದ. ಅವನು ಏಳುವಷ್ಟರಲ್ಲಿ ಕಂಪ್ಯೂಟರಿನಲ್ಲಿ ನಮ್ಮವನ ಮಧ್ಯದ ಸ್ಟಂಪು ಎಗರಿ ಹೋಗಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ವಿಶಾಲಾಕ್ಷಿ. "ಸಾರೀ ಅಂಡಿ," ಎಂದು ತೆಲುಗಿನಲ್ಲೇ ಶುರು ಮಾಡಿದರು. ಮಕ್ಕಳ ಗಲಾಟೆ ಜಾಸ್ತಿಯಾಯಿತಂತೆ. ಎಂಟು ವಿಕೆಟ್ ಬಿದ್ದ ಮೇಲೆ ಮ್ಯಾಚು ಯಾರು ನೋಡುತ್ತಾರೆಂದು ಸಿನಿಮಾ ಹಾಕಿದರಂತೆ. ಈಗ ತಾನೇ ಹೀರೋ ಎಂಟ್ರಿ! ಹೈದರಾಬಾದಿನಲ್ಲಿ ಹೀರೋ ಮನೆಯ ಟಿವಿಗೆ ಬಂದರೂ ಸಿಳ್ಳೆ ಹೊಡೆಯದಿದ್ದರೆ ಮರ್ಯಾದೆಯಲ್ಲವಲ್ಲ!

ಇವರು ಗೋಡೆ ನೋಡಿದರು, ನನ್ನನ್ನು ನೋಡಿದರು. "ನಿನ್ನ ದೇವ್ರು ಪಕ್ಕದ ಮನಿ ಕೇಬಲ್ಲಿನಾಗ ಇರ್ತಾನೇನು?"

ಸೃಜನ್ ಮಾತ್ರ ಮೆಲ್ಲಗೆ ಕೇಳಿದ, "ಅತ್ತಿಗೆ, ಹಾಗಾದ್ರೆ ನನ್ನ ವೀಸಾ?"

ಕೊಟ್ಟ ಮಾತು ಮಾತೇ. ಆದರೆ ಈ ಮನೆಯಲ್ಲಿ ಹೆಸರು ಎತ್ತುವುದಿಲ್ಲ ಎಂದಿದ್ದೆನೇ ಹೊರತು ಪಕ್ಕದ ಮನೆಯಲ್ಲಿ ಅಲ್ಲವಲ್ಲ! ಕೆಲವು ದಿನ ಬಿಟ್ಟು, ಬೆಳಿಗ್ಗೆ ತಲೆಗೆ ಸ್ನಾನ ಮಾಡಿ ಪ್ರವಚನದ ಹೊತ್ತಿಗೆ ಸರಿಯಾಗಿ ವಿಶಾಲಾಕ್ಷಿಯವರ ಬಾಗಿಲು ತಟ್ಟಿದೆ. ಅವರ ಟಿವಿಯ ಮೇಲೆ ಹೂವಿನ ಬಟ್ಟೆ ಹೊದಿಸಿತ್ತು.

"ಕೇಬಲ್ ತೆಗೆಸಿಬಿಟ್ಟೆವಲ್ಲ!" ಎಂದರು. "ಮ್ಯಾಚಿನ ದಿನ ನಮ್ಮ ಟಿವಿಯಲ್ಲಿ ಸಿಕ್ಸರ್ ಹೋದ ಕೂಡಲೇ ಆ ಕಡೆ ನಿಮ್ಮ ಕೂಗು! ಕಂಪ್ಯೂಟರು ಇಷ್ಟು ಫಾಸ್ಟ್ ಇರುವಾಗ ಕೇಬಲ್ ದಂಡ ಎಂದರು ನಮ್ಮವರು. ನಿಮ್ಮಂಥದ್ದೇ ಕಂಪ್ಯೂಟರು ಆರ್ಡರ್ ಮಾಡಿದ್ದಾರೆ."

ಅದು ಬರುವ ತನಕ ಪ್ರವಚನಕ್ಕೆ ಅವರೇ ನಮ್ಮಲ್ಲಿಗೆ ಬರುತ್ತಿದ್ದಾರೆ. ಸ್ವಾಮಿಗಳು ಕೈ ಎತ್ತುತ್ತಾರೆ. ಕೈ ನಿಲ್ಲುತ್ತದೆ. ಚಕ್ರ ತಿರುಗುತ್ತದೆ. ಮೊದಲ ದಿನವೇ ವಿಶಾಲಾಕ್ಷಿ ಸೆರಗು ಹೊದ್ದು, ಪರದೆ ಮುಟ್ಟಿ ಕಣ್ಣಿಗೊತ್ತಿಕೊಂಡು ಕೇಳಿದರು:

"ಸುದರ್ಶನ ಚಕ್ರಮಾ ಅಂಡಿ?"

ನಾನೂ ಕೈ ಮುಗಿದೆ.