ಮಂಡಕ್ಕಿ ಮೂಟೆಯೂ ಶುದ್ಧ ತರ್ಕವೂ

ಕೆಲವರಿಗೆ ಎಲೆಅಡಿಕೆ ಚಟ, ನನಗೆ ಕೂತಲ್ಲೇ ಯೋಚಿಸುವ ಚಟ. ಭೌತಶಾಸ್ತ್ರದ ನಿಯಮಗಳನ್ನೆಲ್ಲ ಬರೀ ತರ್ಕದಿಂದಲೇ ಕಂಡುಹಿಡಿಯಬಹುದು, ಪ್ರಯೋಗವೆಲ್ಲ ದಂಡ ಎಂದು ಬಿ.ಎಸ್ಸಿ. ಓದುವಾಗಲೇ ತೀರ್ಮಾನಿಸಿದ್ದೆ. ಲ್ಯಾಬಿನಲ್ಲಿ ನಾನು ಮುಟ್ಟಿದ್ದೆಲ್ಲ ಒಡೆಯುತ್ತಿದ್ದುದೂ ಇದಕ್ಕೆ ಸ್ವಲ್ಪ ಕಾರಣವಿರಬಹುದು. ಎರಡೂ ಎರಡೂ ನಾಲ್ಕು ಎನ್ನಲು ಯಾರೂ ಹೊಲಕ್ಕೆ ಹೋಗಿ ನೋಡುವುದಿಲ್ಲ; ಹಾಗಿದ್ದ ಮೇಲೆ ಕಲ್ಲು ಹೇಗೆ ಬೀಳುತ್ತದೆ ಎಂದು ಕಲ್ಲನ್ನೇ ಯಾಕೆ ಕೇಳಬೇಕು?

ಮೊನ್ನೆ ನಮ್ಮ ಸೋದರಮಾವ ನ್ಯಾಮತಿಯಲ್ಲಿ ಮಿರ್ಚಿ-ಮಂಡಕ್ಕಿ ಅಂಗಡಿ ತೆರೆದರು. ಮೊದಲ ದಿನವೇ ಗಿರಾಕಿ ಮುನಿಸಿಕೊಂಡರೆ ಮತ್ತೆ ಬರುವುದಿಲ್ಲ ಎಂಬ ಭಯ ಅವರಿಗೆ. ಹೊನ್ನಾಳಿಯ ಭಟ್ಟಿಯಿಂದ ಮಂಡಕ್ಕಿ ತರುವ ಕೆಲಸ ನನ್ನದು. ನನಗಿಂತ ಎತ್ತರದ ಮೂಟೆಯನ್ನು ಬೈಕಿಗೇರಿಸುವಾಗ ಮಾವನ ಫೋನು ಬಂತು.

"ಹಗ್ಗ ಬಿಗಿಯಾಗಿ ಕಟ್ಟೀಯೇನೋ?"

"ಮಾವ, ಲಾಜಿಕ್ ಕೇಳ್ರಿ. ಬೈಕ್ ಬೀಳಾದು ಭಾರಕ್ಕೆ. ಮಂಡಕ್ಕಿಗೆ ಭಾರಾನೇ ಇಲ್ಲ. ಅಂದ್ಮ್ಯಾಲೆ ಬೀಳಾಕೆ ಹೆಂಗೆ ಸಾಧ್ಯ?"

"ಅದೂ ಸರಿ ಐತೆ ಬಿಡು. ಮೂಟೆ ನೆಟ್ಟಗೆ ನಿಲ್ಲಿಸ್ಕಂಡು ಬಾ, ಧೂಳು ಹತ್ತಲ್ಲ."

ತರ್ಕ ನನಗೆ ತಾಯಿಯ ಕಡೆಯಿಂದ ಬಂದದ್ದು.

ಊರು ದಾಟಿ ಬಯಲಿಗೆ ಬರುತ್ತಲೇ ಗಾಳಿ ಎದ್ದಿತು. ನಾನು ಹ್ಯಾಂಡಲನ್ನು ನ್ಯಾಮತಿಯ ಕಡೆ ತಿರುಗಿಸಿದರೆ ಮೂಟೆ ಬೈಕನ್ನೇ ಹೊಲದ ಕಡೆ ತಿರುಗಿಸುತ್ತಿತ್ತು. ಎದುರಿಗೆ ಲಾರಿಯೊಂದು ರೊಯ್ಯನೆ ಹಾದುಹೋದದ್ದೇ ತಡ, ನಾನು, ಬೈಕು, ಮೂಟೆ ಮೂವರೂ ಒಮ್ಮತದಿಂದ ಮೆಕ್ಕೆಜೋಳದೊಳಗೆ ಹೋದೆವು. ಮೂಟೆ ಹರಿಯಿತು. ಭಾರವಿಲ್ಲದ್ದು ಬೀಳುವುದಿಲ್ಲ ಎಂಬ ನನ್ನ ಮಾತು ನೂರಕ್ಕೆ ನೂರು ನಿಜವಾಯಿತು: ಮಂಡಕ್ಕಿ ಬೀಳಲಿಲ್ಲ, ಹಾರಿತು. ಬಿದ್ದದ್ದು ನಾನು.

ಮೂಟೆಯಲ್ಲಿ ಉಳಿದ, ಬಕೆಟ್ಟು ತುಂಬುವಷ್ಟು ಮಂಡಕ್ಕಿಯೊಂದಿಗೆ, ಮೊಣಕಾಲಿನ ಹತ್ತಿರ ಹರಿದ ಪ್ಯಾಂಟಿನಲ್ಲಿ ಅಂಗಡಿ ತಲುಪಿದೆ. ಬಾಣಲೆಯಲ್ಲಿ ಎಣ್ಣೆ ಕುದಿಯುತ್ತಿತ್ತು, ಮಾವನೂ ಕುದಿಯುತ್ತಿದ್ದರು. ಅಷ್ಟೂ ಮುಂದಿನ ಬೆಂಚಿನವರಿಗೇ ಮುಗಿಯಿತು. ಹಿಂದೆ ನಿಂತಿದ್ದ ಹಿರಿಯರೊಬ್ಬರು ರೇಗಿದರು: "ಏನ್ರೀ, ಬರೀ ಮಿರ್ಚಿ ತಿನ್ನಾಕೆ ನಾವೇನ್ ಗಿಣಿಗಳಾ?" ಅವರ ಹಿಂದೆಯೇ ಅರ್ಧ ಜನ ಎದುರಿನ ಹೋಟೆಲಿಗೆ ನಡೆದರು.

ಮಾವ ಅವರು ಹೋದ ದಾರಿಯನ್ನೇ ನೋಡುತ್ತಾ ನಿಂತರು. ಸಮಾಧಾನ ಮಾಡೋಣವೆಂದು ನಾನು ಶುರುಮಾಡಿದೆ: "ಮಾವ, ಈಗ ತಿಳೀತು. ಮೂಟೆ ಹಗುರ, ಮೈ ದೊಡ್ದು. ಅಂದ್ಮ್ಯಾಲೆ ಗಾಳಿ ತಳ್ಳೇ ತಳ್ತೈತೆ. ಬರೀ ಲಾಜಿಕ್ ನೋಡ್ರಿ, ಕೂತಲ್ಲೇ ಬಂತು!"

"ಬೀಳಾಕೆ ಮುಂಚೆ ಯಾಕ್ ಬರ್ಲಿಲ್ಲೋ ಅದು?"

"ಬೀಳದೆ ಹೆಂಗ್ ಗೊತ್ತಾಗ್ತೈತೆ ಮಾವ!"

ಬಾಯಿ ಜಾರಿದ ಮೇಲೆ ಹೊಳೆಯಿತು, ಇಷ್ಟು ವರ್ಷದ ವಾದದಲ್ಲಿ ಒಂದೇ ಉಸಿರಿಗೆ ಸೋತಿದ್ದೆ. ಮಾವನಿಗೂ ಅದು ಹೊಳೆಯುವ ಮುಂಚೆ ಚಾಕು ಎತ್ತಿಕೊಂಡು ಈರುಳ್ಳಿ ಹೆಚ್ಚಲು ಕೂತೆ.