ಭಾವನ ಕಾಲುವೆ ಪ್ರದಕ್ಷಿಣೆ

ನಮ್ಮ ಭಾವನ ಬಾಯಿಂದ ಒಂದೇ ಒಂದು ಶುಭವಾರ್ತೆ ಹೊರಬಿದ್ದದ್ದನ್ನು ಕೇಳಿದವರು ಟೆಕ್ಸಸ್ಸಿನಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ನಿಮಗೆ ಕೈಯಾರೆ ಹೋಳಿಗೆ ಮಾಡಿ ಬಡಿಸುತ್ತೇನೆ! ಕಣಕ ಕಲಸುವ ಪ್ರಸಂಗವೇ ಬರುವುದಿಲ್ಲ ಎಂಬ ಧೈರ್ಯದಿಂದಲೇ ಈ ಮಾತು ಹೇಳುತ್ತಿದ್ದೇನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಡಲ್ಲಾಸ್ ಮಗ್ಗುಲಿನ ಅರ್ವಿಂಗ್‌ನಲ್ಲಿ ಮನೆ. ಲಾಸ್ ಕೊಲಿನಾಸ್‌ನ ಯಾವುದೋ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿ ರಿಟೈರ್ ಆದವರು. ಅಂದರೆ, ಎಲ್ಲಿ ಏನು ಕೆಡುತ್ತದೆ ಎಂದು ಹುಡುಕುವುದಕ್ಕೇ ಜೀವಮಾನವಿಡೀ ಸಂಬಳ ತೆಗೆದುಕೊಂಡವರು! ಕೆಲಸ ಬಿಟ್ಟರೂ ಚಾಳಿ ಬಿಡಬೇಕಲ್ಲ?

ನಾವು ಆಸ್ಟಿನ್‌ನಿಂದ ಜಾರ್ಜ್‌ಟೌನ್‌ನ ಹೊಸ ಮನೆಗೆ ಶಿಫ್ಟ್ ಆದಾಗ ಗೃಹಪ್ರವೇಶಕ್ಕೆ ಬಂದಿದ್ದರು. ಬಂದವರೆಲ್ಲ ಅಡುಗೆಮನೆ ನೋಡಿ ಹೊಗಳುತ್ತಿದ್ದರೆ ಇವರು ನಡುಮನೆಯ ಗೋಡೆಗೆ ಕಿವಿಯಿಟ್ಟು, ಬೆರಳಲ್ಲಿ ತಟ್ಟಿ, "ಇಲ್ಲಿಯದು ಜೇಡಿಮಣ್ಣು. ಐದು ವರ್ಷ, ಅಷ್ಟೇ. ಫೌಂಡೇಶನ್ ಬಿರುಕು ಬಿಡುತ್ತೆ" ಎಂದರು. ಪುರೋಹಿತರು ಮಂತ್ರ ನಿಲ್ಲಿಸಿ ನೆಲ ನೋಡಿಕೊಂಡರು!

ಬಿರುಕು ಬಂದದ್ದು ನಿಜ. ನಮ್ಮನೆಗಲ್ಲ, ಅವರ ಮನೆಗೆ! ಫೋನ್ ಮಾಡಿ, "ನಾನು ಹೇಳಿರಲಿಲ್ವಾ?" ಎಂದು ಗೆದ್ದ ದನಿಯಲ್ಲಿ ಕೇಳಿದರು.

ಇಂಥವರ ಜೊತೆ ಅಕ್ಕ ಹೇಗೆ ಬಾಳಿದಳು? ನಕ್ಕು ಬಾಳಿದಳು. ಅವಳು ಭಾವನ ದುಭಾಷಿ. ಭಾವ ಮೊದಲ ತುತ್ತಿಗೇ "ಈ ಬಿಸಿಬೇಳೆಬಾತ್ ತಿಂದ್ರೆ ಹೊಟ್ಟೆ ಕೆಡೋದು ಗ್ಯಾರಂಟಿ" ಎಂದರೆ, ಅಕ್ಕ ನನ್ನ ಕಡೆ ತಿರುಗಿ, "ಇನ್ನೊಂದು ಸೌಟು ಹಾಕು ಅಂತಿದ್ದಾರೆ ಕಣೇ" ಎನ್ನುತ್ತಿದ್ದಳು. ಹಾಕಿದರೆ ತೆಪ್ಪಗೆ ತಿನ್ನುತ್ತಿದ್ದರು.

ಆದರೆ ಒಂದು ಮಾತು. ನೆಗಡಿಯಾದರೆ ನ್ಯುಮೋನಿಯಾ, ಮಂಡಿನೋವಾದರೆ ವೀಲ್‌ಚೇರ್ ಎನ್ನುವ ಈ ಮನುಷ್ಯ, ಅಕ್ಕನಿಗೆ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ದಿನ ಮಾತ್ರ, "ಏನೂ ಆಗಲ್ಲ ಬಿಡು" ಎಂದುಬಿಟ್ಟರು. ಅದನ್ನು ಕೇಳಿಯೇ ಅಕ್ಕ ಹೆದರಿದ್ದು. "ಇವರು ಹೀಗಂದ್ರು ಅಂದ್ರೆ ನಾನು ಉಳಿಯಲ್ಲ ಕಣೇ" ಎಂದು ನನಗೆ ಫೋನಿನಲ್ಲಿ ಹೇಳಿದಳು. ಹೇಳಿ, ಅದಕ್ಕೂ ನಕ್ಕಳು.

ಯುಗಾದಿಗೆ ಮುಂಚೆ ಹೋದಳು. ಕೊನೆಯ ದಿನಗಳಲ್ಲಿ ಹಾಸ್ಪಿಸ್‌ನವರು ಮನೆಗೇ ಬಂದು, ನೋವು ತಿಳಿಯದ ಹಾಗೆ ನೋಡಿಕೊಂಡರು. ಆಮೇಲೆ ಭಾವ ಕೆಟ್ಟ ಸುದ್ದಿ ಹೇಳುವುದನ್ನೂ ಬಿಟ್ಟರು. ಫೋನ್ ಮಾಡಿದರೆ "ಹೂಂ". ಊಟ ಆಯ್ತಾ? "ಹೂಂ". ಟಾರ್ನೇಡೋ ಸೈರನ್ ಹೊಡೀತಂತೆ, ಒಳಗೆ ಹೋಗಿದ್ರಾ ಭಾವ? "ಹೂಂ". ಮುಂಚೆಯಾಗಿದ್ದರೆ ಟಾರ್ನೇಡೋ ನೆಪದಲ್ಲಿ ಒಂದು ಗಂಟೆ ಕೊರೆಯುತ್ತಿದ್ದರು! ಯಾರ ಮನೆಯ ಸೂರು ಹಾರುತ್ತದೆಂಬ ಭವಿಷ್ಯ ಕೇಳಲು ನಾನು ಹಂಬಲಿಸುವಂಥ ಕಾಲವೂ ಬಂತಲ್ಲ ಎಂದು ಅಳು ಬರುತ್ತಿತ್ತು. ಹ್ಯೂಸ್ಟನ್‌ನಲ್ಲಿರುವ ಅವರ ಮಗಳು ತನ್ನ ಮನೆಗೆ ಬಂದಿರಿ ಎಂದು ಕರೆದೂ ಕರೆದೂ ಸೋತಳು.

ಹೀಗಿರುವಾಗ ಒಂದು ಸಂಜೆ ಅವಳೇ ಫೋನ್ ಮಾಡಿ, "ಚಿಕ್ಕಮ್ಮ, ಅಪ್ಪ ಸೈನ್ಡ್ ಅಪ್ ಫಾರ್ ಎ ವಾಕ್!" ಎಂದು ಕಿರುಚಿದಳು. ಅದೇ ಹಾಸ್ಪಿಸ್‌ಗೆ ಹಣ ಕೂಡಿಸುವ ನಡಿಗೆಯಂತೆ. ಲಾಸ್ ಕೊಲಿನಾಸ್‌ನ ಆಫೀಸು ಕಟ್ಟಡಗಳ ನಡುವೆ ಕಾಲುವೆ ಇದೆಯಲ್ಲ, ಅದರ ದಂಡೆಯ ಮೇಲೆ ಸುತ್ತು ಹಾಕಬೇಕು. ಒಂದು ಸುತ್ತಿಗೆ ಇಷ್ಟು ಡಾಲರ್ ಎಂದು ಗುರುತಿನವರು ಕೊಡಬೇಕು. ನನಗೆ ನಂಬಿಕೆಯೇ ಬರಲಿಲ್ಲ. ಮನೆ ಮುಂದಿನ ಪೋಸ್ಟ್ ಡಬ್ಬಕ್ಕೂ ಕಾರಿನಲ್ಲಿ ಹೋಗುವ ಮನುಷ್ಯ!

ಅವರು ಪ್ರಾಯೋಜಕರನ್ನು ಹಿಡಿದ ಪರಿಯೇ ಬೇರೆ. ನನಗೆ ಫೋನ್ ಮಾಡಿ, "ಸುತ್ತಿಗೆ ಎಷ್ಟು ಬೇಕಾದ್ರೂ ಬರೆಸು, ಹೆದರಬೇಡ. ನಾನು ಒಂದೂ ಮುಗಿಸಲ್ಲ" ಎಂದರು. ಧಾರವಾಡದ ಕಡೆಯ ಡಾಕ್ಟರೊಬ್ಬರು ಅವರ ನೆರೆಯವರು. ಅವರು, "ಎಷ್ಟ್ ಸುತ್ತ ಹೊಡೀತೀರ್ರಿ ಸರ್?" ಎಂದು ಕೇಳಿದ್ದಕ್ಕೆ, "ಅರ್ಧ. ಮಿಕ್ಕರ್ಧಕ್ಕೆ ನಿಮ್ಮ ಆಸ್ಪತ್ರೆಗೇ ಬರ್ತೀನಿ" ಎಂದರಂತೆ. ಡಾಕ್ಟರು ಬೆಚ್ಚಿ, "ಬ್ಯಾಡ್ರಿ, ನೀವು ಮನ್ಯಾಗ ಇರ್ರಿ, ನಾ ಹಂಗ ಕೊಡ್ತೀನಿ" ಎಂದು ಧಾರಾಳವಾಗಿ ಕೊಟ್ಟುಬಿಟ್ಟರು!

ನಡಿಗೆಯ ದಿನ ನಾನು ಬೆಳಗ್ಗೆಯೇ ಡ್ರೈವ್ ಮಾಡಿಕೊಂಡು ಹೋದೆ. ನವೆಂಬರಿನ ಜಿಟಿಜಿಟಿ ಮಳೆ, ಮೂಳೆ ಕೊರೆಯುವ ಗಾಳಿ. ಭಾವ ಹಾಸ್ಪಿಸ್‌ನವರು ಕೊಟ್ಟ ಟೀ ಶರ್ಟಿನ ಮೇಲೆ ಸ್ವೆಟರು, ಅದರ ಮೇಲೆ ಕಪ್ಪು ರೇನ್‌ಕೋಟು ಹಾಕಿ ನಿಂತಿದ್ದರು. ಕಾಲುವೆಯ ನೀರು ಪಾಚಿಬಣ್ಣಕ್ಕಿತ್ತು. ಗಾಜಿನ ಕಟ್ಟಡಗಳ ನೆತ್ತಿ ಮೋಡದಲ್ಲಿ ಮುಳುಗಿತ್ತು. ಎಲ್ಲರೂ ತಮ್ಮವರ ಹೆಸರು ಹೇಳಿಕೊಳ್ಳುತ್ತ, ಅಪ್ಪಿಕೊಳ್ಳುತ್ತ, ನಗುತ್ತ ಹೊರಟರು. ನಾವಿಬ್ಬರೂ ಹಿಂದೆ ಉಳಿದೆವು.

ನೀರಿನ ಬಾಟಲಿ ಹಂಚುತ್ತಿದ್ದ ಹುಡುಗಿಯೊಬ್ಬಳು ಚಪ್ಪಾಳೆ ತಟ್ಟಿ, "ಯೂ ಆರ್ ಆಲ್ಮೋಸ್ಟ್ ದೇರ್!" ಎಂದು ಕೂಗಿದಳು. ಭಾವ ನಿಂತು, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ, "ವೇರ್?" ಎಂದು ಕೇಳಿದರು. ಪಾಪ, ಆ ಮಗುವಿನ ಕೈ ಅರ್ಧದಲ್ಲೇ ನಿಂತಿತು. ನಾನು ನಗಬೇಕೆಂದುಕೊಂಡೆ, ಆಗಲಿಲ್ಲ.

ಸೇತುವೆ ದಾಟಿದ ಮೇಲೆ, ಕೊಡೆ ಹಿಡಿದು ಪುಟ್ಟ ನಾಯಿಯೊಂದನ್ನು ಅಡ್ಡಾಡಿಸುತ್ತಿದ್ದ ಅಮೆರಿಕನ್ ಅಜ್ಜಿಯೊಬ್ಬರು ಎದುರಾದರು. ಭಾವನನ್ನು ನೋಡಿದ್ದೇ, "ನೀವು ಆ ಬೆಂಚಿನ ಮೇಲೆ ಕೂತು ಕಾಯ್ತಿದ್ದವರಲ್ವಾ?" ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಗ ಅಜ್ಜಿಯ ಮಾತಿನಿಂದ ನನಗೆ ಗೊತ್ತಾಯಿತು. ಹೋದ ವರ್ಷ, ಕೀಮೋ ನಡೆಯುವಾಗ, ಅಕ್ಕ ಬೆಳಗಿನ ಹೊತ್ತು ಇಲ್ಲಿ ನಡೆಯುತ್ತಿದ್ದಳಂತೆ. ಭಾವ ಬೆಂಚಿನಲ್ಲಿ ಕೂತಿರುತ್ತಿದ್ದರಂತೆ. ಅಕ್ಕನೂ ಈ ಅಜ್ಜಿಯೂ ಮಾತಾಡಿಕೊಂಡು ಸುತ್ತು ಹಾಕುತ್ತಿದ್ದರಂತೆ.

"ನಿಮ್ಮ ಹೆಂಡತಿ ಹೇಗಿದ್ದಾರೆ? ಆಮೇಲೆ ಕಾಣಲೇ ಇಲ್ಲ" ಎಂದರು ಅಜ್ಜಿ.

ನಾನು ಕಣ್ಣು ಮುಚ್ಚಿಕೊಂಡೆ. ಈ ಮನುಷ್ಯ ನೆತ್ತಿಯ ಮೇಲೆ ಕಲ್ಲು ಹಾಕಿದ ಹಾಗೆ ಹೇಳಿಬಿಡುತ್ತಾರೆ, ಈ ಇಳಿವಯಸ್ಸಿನ ಜೀವ ಮಳೆಯಲ್ಲಿ ನಿಂತು ಕೇಳಬೇಕು.

"ಚೆನ್ನಾಗಿದ್ದಾಳೆ" ಎಂದರು ಭಾವ. "ಹ್ಯೂಸ್ಟನ್‌ನಲ್ಲಿ, ಮಗಳ ಮನೆಯಲ್ಲಿ. ಅಲ್ಲಿ ಚಳಿ ಕಡಿಮೆ ನೋಡಿ."

"ಕೂದಲು ಬಂತಾ?"

"ಬಂದಿದೆ. ಮುಂಚೆಗಿಂತ ದಟ್ಟವಾಗಿದೆ. ಗುಂಗುರು ಗುಂಗುರಾಗಿ."

ನಾನು ನೀರಿನ ಕಡೆ ತಿರುಗಿಕೊಂಡೆ.

ಅಜ್ಜಿಯ ಮುಖ ಅರಳಿತು. ಕೋಟಿನ ಜೇಬಿನಿಂದ ನೇರಳೆ ಬಣ್ಣದ ಉಲ್ಲನ್ ಟೋಪಿಯೊಂದನ್ನು ತೆಗೆದರು. ತುದಿಯಲ್ಲಿ ದೊಡ್ಡ ಕುಚ್ಚು. "ತಲೆಗೆ ಚಳಿ ಅಂತಿದ್ದಳು. ಅವಳಿಗೇ ಹೆಣೆದದ್ದು. ಸಿಕ್ಕರೆ ಕೊಡೋಣ ಅಂತ ಈ ಕೋಟಿನಲ್ಲೇ ಇಟ್ಟುಕೊಂಡಿದ್ದೆ. ಕೂದಲು ಬಂದಿದ್ದರೂ ಇರಲಿ, ಕೊಟ್ಟುಬಿಡಿ" ಎಂದರು.

"ಕೊಡ್ತೀನಿ" ಎಂದು ಭಾವ ಎರಡೂ ಕೈಯಲ್ಲಿ ಇಸಿದುಕೊಂಡರು. ಅಜ್ಜಿ ಕೈಬೀಸಿ, ನಾಯಿಯನ್ನು ಎಳೆದುಕೊಂಡು ಹೊರಟುಹೋದರು.

ಭಾವ ಬಹಳ ಹೊತ್ತು ಟೋಪಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಲ್ಲೊಂದು ಕಡೆ ಹೆಣಿಗೆ ತಪ್ಪಿದೆ" ಎಂದರು.

"ಹೌದಾ ಭಾವ?"

"ಹೂಂ. ಪರವಾಗಿಲ್ಲ."

ಆಮೇಲೆ ರೇನ್‌ಕೋಟಿನ ಮುಸುಕು ಹಿಂದಕ್ಕೆ ಸರಿಸಿ, ಆ ನೇರಳೆ ಟೋಪಿಯನ್ನು ತಮ್ಮ ತಲೆಗೆ ಹಾಕಿಕೊಂಡು, ಕಿವಿ ಮುಚ್ಚುವ ಹಾಗೆ ಎಳೆದುಕೊಂಡರು. ಕುಚ್ಚು ಒಂದು ಪಕ್ಕಕ್ಕೆ ವಾಲಿತು. ಕಣ್ಣಿಂದ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಅಕ್ಕ ಹೋದ ಮೇಲೆ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಾನು ಅವರ ತೋಳು ಹಿಡಿದುಕೊಂಡೆ. ಇಬ್ಬರೂ ನಿಧಾನವಾಗಿ ನಡೆದೆವು. ಸ್ವಲ್ಪ ದೂರ ಹೋದ ಮೇಲೆ ಭಾವ ಮುಂದೆ ನೋಡುತ್ತಲೇ, ಮೆಲ್ಲಗೆ ಹೇಳಿದರು:

"ಬೆಚ್ಚಗಿದೆ ಕಣಮ್ಮ."