ಪೆದ್ದಮ್ಮನ ಕಡಲಾಮೆಗಳು

ನಮ್ಮ ಪೆದ್ದಮ್ಮನಷ್ಟು ಸಮುದ್ರವನ್ನು ಪ್ರೀತಿಸುವವರು ಇಡೀ ಮೊಳಕಾಲ್ಮೂರಿನಲ್ಲಿ ಇನ್ನೊಬ್ಬರಿಲ್ಲ. ಇರುವುದಾದರೂ ಹೇಗೆ? ಇಲ್ಲಿಂದ ಸಮುದ್ರ ನೋಡಬೇಕಾದರೆ ಹಗಲು ಪೂರ್ತಿ ಬಸ್ಸಿನಲ್ಲಿ ಕೂತು, ಕೊನೆಗೆ ಒಂದು ಘಟ್ಟವನ್ನೂ ಇಳಿಯಬೇಕು. ನಮ್ಮ ಸೀಮೆಯಲ್ಲಿ ಸಮುದ್ರ ಅಂತ ಇರುವುದು ಗೌರಸಮುದ್ರವೊಂದೇ. ಅದು ಊರು! ಅಲ್ಲಿ ಅಲೆ ಏಳುವುದಿಲ್ಲ, ಧೂಳು ಏಳುತ್ತದೆ. ಇಂಥ ಕಡೆ ಕೂತು ಕಡಲಾಮೆಗಳನ್ನು ಕಾಪಾಡುವ ಸ್ವಯಂಸೇವಕರ ಸಂಘ ಕಟ್ಟಿದವಳು ನಮ್ಮ ಪೆದ್ದಮ್ಮ.

ಪೆದ್ದಮ್ಮ ಎಂದರೆ ನಮ್ಮವ್ವನ ಅಕ್ಕ. ನಮ್ಮದು ಮನೆಯಲ್ಲಿ ತೆಲುಗು ಮಾತಾಡುವ ನೇಕಾರರ ಕುಟುಂಬ. ತೆಲುಗಿನಲ್ಲಿ ಪೆದ್ದ ಅಂದರೆ ದೊಡ್ಡ. ಕನ್ನಡದವರು ಆ ಪದಕ್ಕೆ ಬೇರೆ ಅರ್ಥ ಹಚ್ಚಿದರೆ ನಾನು ಹೊಣೆಯಲ್ಲ. ಸಂಘ ಶುರುವಾದ ಮೇಲೆ ಅವಳ ಗಂಡ, ಅಂದರೆ ನಮ್ಮ ಪೆದ್ದಪ್ಪ, "ಕನ್ನಡದ ಅರ್ಥಾನೇ ಸರಿ ಐತೆ ಬಿಡಲೇ" ಎಂದು ಮಗ್ಗದ ಮುಂದೆ ಕೂತಲ್ಲಿಂದಲೇ ತೀರ್ಪು ಕೊಟ್ಟರು.

ಈ ಹುಚ್ಚು ಹತ್ತಿದ್ದು ಕರಾವಳಿಯ ಕಡೆಗೆ ದೇವರ ದರ್ಶನಕ್ಕೆಂದು ಹೋದಾಗ. ಎಲ್ಲರೂ ಸ್ನಾನಕ್ಕೆ ಸರತಿಯಲ್ಲಿ ನಿಂತಿದ್ದರೆ ಇವಳು ಒಬ್ಬಳೇ ಬೆಳಗಿನಲ್ಲಿ ದಂಡೆಗೆ ನಡೆದಳು. ಅಲ್ಲಿ ಕೆಲವರು ಬಿದಿರು ನೆಟ್ಟು ಬಲೆ ಕಟ್ಟಿ, ಅದರ ಪಕ್ಕದಲ್ಲಿ ಕೂತಿದ್ದರಂತೆ.

"ಏನಪ್ಪಾ ಇದು, ಟೊಮೆಟೊ ಹಾಕೀರೇನು?"

"ಇಲ್ಲಮ್ಮಾ, ಆಮೆ ಮೊಟ್ಟೆ ಇಟ್ಟಿದೆ. ಮರಳು ಮುಚ್ಚಿ ಹೋದರೆ ತಾಯಿ ಮತ್ತೆ ಬರೋದಿಲ್ಲ."

"ಹಂಗಾರೆ ಮಕ್ಕಳಿಗೆ ಯಾರು?"

"ಸದ್ಯಕ್ಕೆ ನಾವೇ."

ಅಷ್ಟೇ! ಪೆದ್ದಮ್ಮ ಅಲ್ಲೇ ಕೂತುಬಿಟ್ಟಳು. ಊರಿಂದ ಬಂದ ಬಸ್ಸು ಇವಳಿಗಾಗಿ ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು. "ದೇವರ ದರ್ಶನಕ್ಕೆ ಕರ್ಕೊಂಡು ಹೋದ್ರೆ ಮೊಟ್ಟೆ ದರ್ಶನ ಮಾಡ್ಕೊಂಡು ಬಂದ್ಲು" ಎಂದು ಪೆದ್ದಪ್ಪ ಬೀದಿಗೆಲ್ಲ ಹೇಳಿಕೊಂಡು ತಿರುಗಿದರು.

ಊರಿಗೆ ಬಂದವಳೇ ಸಂಘದ ಉದ್ಘಾಟನೆ ಇಟ್ಟುಕೊಂಡಳು. ಚಳ್ಳಕೆರೆಯ ಫ್ಲೆಕ್ಸ್ ಅಂಗಡಿಗೆ ತಾನೇ ಫೋನ್ ಮಾಡಿ, "ಕಡಲಾಮೆ ರಕ್ಷಣಾ ಸಂಘ ಅಂತ ದೊಡ್ಡದಾಗಿ ಹಾಕಪ್ಪ" ಅಂದಳು. ಚಳ್ಳಕೆರೆ ಶೇಂಗಾ ಎಣ್ಣೆ ಗಿರಣಿಗಳ ಊರು. ನಾನು ಅಲ್ಲೇ ಔಷಧಿ ಅಂಗಡಿ ಇಟ್ಟುಕೊಂಡಿರುವವನು, ನನಗೆ ಗೊತ್ತು: ಆ ಊರಿನವರ ಕಿವಿಗೆ ಆಮೆಯ ಸುದ್ದಿ ಹೊಗುವುದಿಲ್ಲ. ಫ್ಲೆಕ್ಸಿನಲ್ಲಿ ಬಂದದ್ದು "ಕಡಲೆ ರಕ್ಷಣಾ ಸಂಘ". ಪಕ್ಕದಲ್ಲಿ ಒಂದು ಬುಟ್ಟಿ ಶೇಂಗಾದ ಚಿತ್ರ ಬೇರೆ!

ಸಭೆಗೆ ಜನವೋ ಜನ. ನನ್ನಿವಾಳದ ಕಡೆಯಿಂದ ರೈತರು ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಮುಖ್ಯ ಅತಿಥಿಯಾಗಿ ಬಂದ ಪುಢಾರಿಯೊಬ್ಬರು ಫ್ಲೆಕ್ಸ್ ಓದಿಕೊಂಡು ವೇದಿಕೆ ಹತ್ತಿದರು. ಪೆದ್ದಮ್ಮ ಅವರ ಕಿವಿಯಲ್ಲಿ, "ಕಡಲೆ ಅಲ್ಲ ಸಾರ್, ಆಮೆ" ಎಂದು ಪಿಸುಗುಟ್ಟಿದಳು. ಅವರು ತಲೆ ಆಡಿಸಿದರು. ಆಮೇಲೆ ಮೈಕ್ ಹಿಡಿದು, "ಕಡಲೆ ನಮ್ಮ ಉಸಿರು! ಆಮೆಯೂ ನಮ್ಮ ಉಸಿರು! ಎರಡಕ್ಕೂ ಬೆಂಬಲ ಬೆಲೆ ಕೊಡಿಸದೆ ನಾನು ಮಲಗೋದಿಲ್ಲ!" ಎಂದರು. ಭರ್ಜರಿ ಚಪ್ಪಾಳೆ. ಶಾಲು ಹೊದಿಸಿಕೊಂಡು ಕಾರು ಹತ್ತಿದವರು ದಾರಿಯಲ್ಲೇ ಗೊರಕೆ ಹೊಡೆದಿರಬೇಕು.

"ಇವರನ್ನೆಲ್ಲ ವಾಪಸ್ ಕಳಿಸು ಪೆದ್ದಮ್ಮ" ಎಂದೆ. "ಯಾಕೋ? ಬಂದೋರಿಗೆ ಕೈ ಅವೆ, ಕಾಲು ಅವೆ. ಮೆಂಬರಾಗಾಕೆ ಇನ್ನೇನು ಬೇಕು?" ಎಂದು ಉಪ್ಪಿಟ್ಟು ತಿನ್ನುತ್ತಿದ್ದವರನ್ನೆಲ್ಲ ಅಲ್ಲೇ ಸದಸ್ಯರನ್ನಾಗಿ ಮಾಡಿಕೊಂಡಳು. ಉಪ್ಪಿಟ್ಟಿನ ಋಣಕ್ಕೆ ಸಿಕ್ಕಿಬಿದ್ದವರಲ್ಲಿ ಹೆಚ್ಚಿನವರು ಮರುದಿನದಿಂದ ಅವಳನ್ನು ಕಂಡರೆ ಅಡ್ಡರಸ್ತೆ ಹಿಡಿಯುತ್ತಿದ್ದರು. ಕೊನೆಗೆ ಉಳಿದವರು ಬೀದಿಯ ಹೆಂಗಸರು ಮತ್ತು ಮನೆಯಲ್ಲಿ ಯಾರೂ ಮಾತಾಡಿಸದ ಒಂದಿಬ್ಬರು ಗಂಡಸರು.

ಇವರಿಗೆ ತರಬೇತಿ ಬೇಡವೇ? ಸಮುದ್ರವಿಲ್ಲದಿದ್ದರೆ ಏನಂತೆ, ಮರಳಿದೆಯಲ್ಲ! ರಾಂಪುರದ ರಸ್ತೆಯಲ್ಲಿರುವ ಒಣಹಳ್ಳಕ್ಕೆ ಎಲ್ಲರನ್ನೂ ಸಾಗಿಸಿದಳು. ಮರಳಿನಲ್ಲಿ ಗುಂಡಿ ತೋಡಿ ಕೋಳಿಮೊಟ್ಟೆ ಹೂತು, ಸುತ್ತ ಬಲೆ ಕಟ್ಟುವ ಅಭ್ಯಾಸ. ಅಷ್ಟರಲ್ಲಿ ಪೊಲೀಸಿನವರೊಬ್ಬರು ಬೈಕ್ ನಿಲ್ಲಿಸಿದರು. ಹಳ್ಳದಲ್ಲಿ ಗುದ್ದಲಿ ಹಿಡಿದವರನ್ನು ಕಂಡರೆ ಅವರಿಗೆ ಮೊದಲು ನೆನಪಾಗುವುದು ಮರಳು ಕಳ್ಳತನ.

"ಏನ್ರಮ್ಮಾ, ಮರಳು ತೆಗೀತಿದ್ದೀರಾ?"

"ಇಲ್ಲ ಸಾರ್, ಮೊಟ್ಟೆ ಇಡ್ತಿದ್ದೀವಿ."

ಆ ಮನುಷ್ಯ ಹೆಂಗಸರ ಸಾಲನ್ನು ಒಮ್ಮೆ, ಬುಟ್ಟಿಯನ್ನು ಒಮ್ಮೆ ನೋಡಿ, ಇಲಾಖೆಯ ತರಬೇತಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿಲ್ಲವೆಂದು ಮನಗಂಡು ಬೈಕ್ ಒದ್ದು ಹೊರಟೇಹೋದರು. ಇತ್ತ ಹಿಂದೆ ತಿರುಗಿದರೆ ಎರಡು ನಾಯಿಗಳು ಬಲೆಯೊಳಗಿನ ಮೊಟ್ಟೆಯನ್ನೆಲ್ಲ ಮುಗಿಸಿ ಬಾಯಿ ನೆಕ್ಕಿಕೊಳ್ಳುತ್ತಿದ್ದವು. "ನೋಡಿದ್ರಾ? ಇದಕ್ಕೇ ಕಾವಲು ಬೇಕು ಅನ್ನಾದು!" ಎಂದಳು ಪೆದ್ದಮ್ಮ. ಅವಳ ಪ್ರಕಾರ ಅಂದಿನ ತರಬೇತಿ ಯಶಸ್ವಿ.

ಹೀಗೆ ತಯಾರಾದ ಸೈನ್ಯ ಆಮೆಮರಿಗಳು ಹೊರಬರುವ ಕಾಲಕ್ಕೆ ಸರಿಯಾಗಿ ಟೆಂಪೊ ಹತ್ತಿ ಕರಾವಳಿಗೆ ಹೊರಟಿತು. ಔಷಧಿ ಅಂಗಡಿಯವನೆಂಬ ಕಾರಣಕ್ಕೆ ನನ್ನನ್ನು ಪ್ರಥಮ ಚಿಕಿತ್ಸೆಯ ಮುಖ್ಯಸ್ಥನನ್ನಾಗಿ ಎಳೆದುಕೊಂಡರು. ಪೆದ್ದಪ್ಪನೂ ಹತ್ತಿದರು. "ನಾನು ಆಮೆಗೆ ಬರ್ತಿಲ್ಲ, ಸೀರೆ ವ್ಯಾಪಾರಕ್ಕೆ ಬರ್ತಿದೀನಿ" ಎಂದು ಚಳ್ಳಕೆರೆ ದಾಟುವವರೆಗೂ ಯಾರೂ ಕೇಳದಿದ್ದರೂ ಹೇಳುತ್ತಿದ್ದರು.

ಅಲ್ಲಿನ ರಕ್ಷಿತ ತೀರದಲ್ಲಿ ಪಟ್ಟಣಗಳಿಂದ ಬಂದ ಸ್ವಯಂಸೇವಕರು ತುಂಬಿದ್ದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು, ಎಲ್ಲರ ಎದೆಯ ಮೇಲೂ ಆಮೆ. ಕಸ ಹೆಕ್ಕುವುದಕ್ಕಿಂತ ಕಸ ಹೆಕ್ಕುತ್ತಿರುವ ಫೋಟೊ ತೆಗೆಸಿಕೊಳ್ಳುವುದೇ ದೊಡ್ಡ ಕೆಲಸವೆಂದು ನನಗೆ ಗೊತ್ತಾದದ್ದು ಅಲ್ಲೇ. ಒಬ್ಬನಂತೂ ಫೋಟೊ ಸರಿಬರಲಿಲ್ಲವೆಂದು ಹೆಕ್ಕಿದ ಚಪ್ಪಲಿಯನ್ನು ಮತ್ತೆ ಎಸೆದು ಮತ್ತೆ ಹೆಕ್ಕಿದ! ಅವರ ಮುಂದಾಳು ಕೈಯಲ್ಲಿ ನೀರಿನ ಬಾಟಲಿ ಹಿಡಿದು ಪ್ಲಾಸ್ಟಿಕ್ಕಿನ ಅಪಾಯದ ಬಗ್ಗೆ ಭಾಷಣ ಮಾಡುತ್ತಿದ್ದ. ಪೆದ್ದಮ್ಮ ಅವನ ಮುಂದೆ ಚೀಲ ಒಡ್ಡಿ ನಿಂತಳು. "ಕುಡಿದು ಮುಗೀತಾ? ಹಾಕಪ್ಪ ಇಲ್ಲಿ. ಆಮೇಲೆ ಮಾತಾಡು."

ನಿಜವಾದ ತೊಂದರೆ ಬೇರೆಯೇ ಇತ್ತು. ದಂಡೆಗೆ ತಾಗಿಕೊಂಡೇ ಒಂದು ರೆಸಾರ್ಟು. ಅದರ ತುಂಬ ಝಗಝಗ ದೀಪ. ಮರಿಗಳು ಮರಳಿನಿಂದೆದ್ದು ನೀರಿನ ಮೇಲಿನ ಬೆಳಕನ್ನು ನೋಡಿ ಸಮುದ್ರದ ದಾರಿ ಹಿಡಿಯುತ್ತವಂತೆ. ಬೇರೆ ದೀಪ ಕಂಡರೆ ಅತ್ತಲೇ ಹೋಗಿ, ಬಿಸಿಲಿಗೋ ಕಾಗೆಗೋ ನಾಯಿಗೋ ಸಿಕ್ಕಿ ಸಾಯುತ್ತವೆ. ಪೆದ್ದಮ್ಮ ಮ್ಯಾನೇಜರನ ಬಳಿ ಹೋದಳು.

"ಅಪ್ಪಾ, ಬೆಳಕು ಹರಿಯೋವರ್ಗೂ ಆ ದೀಪ ಒಂದೀಟು ಆರಿಸ್ತೀಯಾ?"

"ಗೆಸ್ಟ್‌ಗಳು ಕಂಪ್ಲೇಂಟ್ ಮಾಡ್ತಾರಮ್ಮ. ಅವರು ಬರೋದೇ ಆಮೆ ನೋಡೋಕೆ."

"ಆಮೆ ಸತ್ ಮ್ಯಾಲೆ ಏನು ನೋಡ್ತಾರೆ? ನಿನ್ನಾ?"

ದೀಪ ಆರಲಿಲ್ಲ.

ಮರುದಿನ ಇನ್ನೂ ಬೆಳಕು ಮೂಡುವ ಮೊದಲೇ ಯಾರೋ ಕೂಗಿದರು. ಓಡಿದೆವು. ಬಲೆಯೊಳಗಿನ ಮರಳು ಕುದಿಯುವ ಅಕ್ಕಿಯಂತೆ ಅಲುಗುತ್ತಿತ್ತು. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ಕಪ್ಪು ಮರಿಗಳು, ಒಂದರ ಮೇಲೊಂದು. ಕಾವಲಿನವರು ಬಲೆ ಸರಿಸಿದರು. ಮರಿಗಳು ಒಂದು ಗಳಿಗೆ ನಿಂತವು. ಆಮೇಲೆ ಎಲ್ಲವೂ ಸಮುದ್ರಕ್ಕೆ ಬೆನ್ನು ಹಾಕಿ ರೆಸಾರ್ಟಿನ ಕಡೆ ತಿರುಗಿದವು. ಟೀ ಶರ್ಟಿನವರ ಮೊಬೈಲುಗಳು ಫಳಫಳ ಮಿಂಚಿ ಅವುಗಳ ದಾರಿಯನ್ನು ಇನ್ನಷ್ಟು ತಪ್ಪಿಸಿದವು.

"ಆರಿಸ್ರೋ ಅವನ್ನ!" ಎಂದು ಪೆದ್ದಮ್ಮ ಕಿರುಚಿದಳು. ಮೊಬೈಲು ಆರಿದವು, ರೆಸಾರ್ಟು ಆರಲಿಲ್ಲ. ಅವಳು ಸೆರಗನ್ನೇ ಅಡ್ಡ ಹಿಡಿದಳು. ಒಂದು ಸೆರಗು ಎಷ್ಟು ಬೆಳಕನ್ನು ತಡೆದೀತು?

ಆಗ ನನ್ನ ಪಕ್ಕದಲ್ಲಿ ಪರಪರ ಸದ್ದಾಯಿತು. ಪೆದ್ದಪ್ಪ ತಮ್ಮ ಚೀಲದಲ್ಲಿದ್ದ ಹೊಸ ರೇಷ್ಮೆ ಸೀರೆಯ ಕಾಗದ ಹರಿಯುತ್ತಿದ್ದರು. ಯಾವುದೋ ಮದುವೆ ಮನೆಗೆಂದು ತಿಂಗಳುಗಟ್ಟಲೆ ಕೂತು ನೇಯ್ದ ಸೀರೆ. ಅದರ ಮೇಲೆ ನೊಣ ಕೂತರೂ ಗದರುತ್ತಿದ್ದ ಮನುಷ್ಯ, ಈಗ ಒಂದು ಅಂಚನ್ನು ಹೆಂಡತಿಯ ಕೈಗೆ ಎಸೆದು, "ಹಿಡ್ಕೋ, ಎರಡು ಪದರ ಮಾಡು, ನೆಲಕ್ಕೆ ತಾಗಿಸು" ಎಂದರು. ರೆಸಾರ್ಟಿಗೂ ಮರಿಗಳಿಗೂ ನಡುವೆ ಸೀರೆ ಗೋಡೆಯಾಗಿ ನಿಂತಿತು. ಈ ಕಡೆ ಕತ್ತಲಾಯಿತು.

ಮರಿಗಳು ತಡವರಿಸಿದವು. ಒಂದು ತಿರುಗಿತು. ಅದರ ಹಿಂದೆ ಇನ್ನೊಂದು. ಆಮೇಲೆ ಎಲ್ಲವೂ ಪುಟ್ಟ ರೆಕ್ಕೆಗಾಲು ಬಡಿಯುತ್ತ ಅಲೆಯ ಕಡೆಗೆ ಹೊರಟವು. ಪೆದ್ದಮ್ಮ ಸೀರೆ ಹಿಡಿದೇ ಬಗ್ಗಿ, ಮೆಲ್ಲಗೆ, "ಪೋ ನಾನ್ನಾ... ಪೋ ನಾನ್ನಾ" ಎನ್ನುತ್ತಿದ್ದಳು. ಹೋಗಪ್ಪಾ, ಹೋಗು ಕಂದಾ ಎಂದು. ನಮ್ಮ ಮನೆಗಳಲ್ಲಿ ಮಕ್ಕಳನ್ನು ಮೊದಲ ದಿನ ಶಾಲೆಗೆ ಕಳಿಸುವಾಗ ಹೀಗೇ ಹೇಳುತ್ತಾರೆ.

ಕೊನೆಯ ಮರಿಯನ್ನೂ ಅಲೆ ಎತ್ತಿಕೊಂಡಿತು.

"ಒಂದಾದ್ರೂ ತಿರುಗಿ ನೋಡ್ಲಿಲ್ಲ ನೋಡೋ" ಎಂದಳು.

"ಬೇಜಾರಾಯ್ತಾ ಪೆದ್ದಮ್ಮ?"

"ಥೂ, ತಿರುಗಿ ನೋಡ್ತಾ ಕೂತ್ರೆ ಈಜೋದು ಯಾವಾಗ?" ಎಂದು ಹೆಗಲಿಗೆ ಕಣ್ಣು ಒರೆಸಿಕೊಂಡಳು.

ಅಷ್ಟು ಹೊತ್ತಿಗೆ ಚೆನ್ನಾಗಿ ಬೆಳಕು ಹರಿದಿತ್ತು. ರೆಸಾರ್ಟಿನ ದೀಪಗಳು ಹಗಲಿನಲ್ಲಿ ಮಂಕಾಗಿ, ಇದ್ದೂ ಇಲ್ಲದಂತಾಗಿದ್ದವು. ಸೀರೆಯ ಅಂಚೆಲ್ಲ ಒದ್ದೆ ಮರಳು. "ಕೊಡಿ ಪೆದ್ದಪ್ಪ, ಮಡಿಸ್ತೀನಿ" ಎಂದು ಕೈ ಚಾಚಿದೆ. ಅವರು ಕೊಡಲಿಲ್ಲ. ಖಾಲಿಯಾದ ಮರಳಿನ ಗುಂಡಿಯನ್ನೇ ನೋಡುತ್ತ ನಿಂತಿದ್ದರು.

"ಸ್ವಲ್ಪ ತಡಿಯಲೇ" ಎಂದರು. "ಒಳಗೆ ಇನ್ನೊಂದು ಉಳಿದಿದ್ರೆ?"

ಮಾತಿಗೆ ಮಾತು ಎದುರಾಡದೆ ಬಿಡದ ನಮ್ಮ ಪೆದ್ದಮ್ಮ ತನ್ನ ಕಡೆಯ ಅಂಚನ್ನು ಇನ್ನೊಂದಿಷ್ಟು ಮೇಲೆತ್ತಿ ಹಿಡಿದಳು.